ಕಂಡವರೊಬ್ಬರು, ಕೆತ್ತಿದವರು ಇನ್ನೊಬ್ಬರು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಉತ್ತರ ಅಮೆರಿಕದ ಮಾಂಡನ್ ಜನರ ನಾಯಕ ಮಾತೊ-ತೋಪೆಯವರ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೆವು. ಅದು ಸ್ವಿಸ್ ಕಲಾವಿದ ಕಾರ್ಲ್ ಬೋಡ್ಮರ್ ಬರೆದದ್ದು. ಅದನ್ನು ನೋಡಿದ ಓದುಗರು 19ನೇ ಶತಮಾನದ ನಿಸರ್ಗಶಾಸ್ತ್ರಜ್ಞರ ಪ್ರವಾಸಗ್ರಂಥಗಳಲ್ಲಿ ಬರುವ ಮೂಲನಿವಾಸಿಗಳ ಚಿತ್ರಗಳ ಬಗ್ಗೆ ಹಲವು ಪ್ರಶ್ನೆ ಕೇಳಿದ್ದಾರೆ. ಹಳೆಯ ಮುದ್ರಣ ಮತ್ತು ಮಾನವಶಾಸ್ತ್ರ ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಇಂಥ ಚಿತ್ರಗಳನ್ನು ಬರೆದವರು ಆ ಜನರನ್ನು ನಿಜವಾಗಿ ಕಂಡಿದ್ದರೇ? ಯಾವುದನ್ನು ಎಷ್ಟು ನಂಬಬೇಕು? (ಶಿವಮೊಗ್ಗ)

ಉತ್ತರ: ಕೆಲವರು ಕಂಡಿದ್ದರು, ಹಲವರು ಕಂಡಿರಲಿಲ್ಲ. ಕಂಡು ಬರೆದ ಚಿತ್ರವೂ ಪುಸ್ತಕದ ಪುಟಕ್ಕೆ ಬರುವಷ್ಟರಲ್ಲಿ ಮೂರು ನಾಲ್ಕು ಕೈ ದಾಟಿರುತ್ತಿತ್ತು. ಹಾಗಾಗಿ ಒಂದು ಚಿತ್ರ ಕೈಗೆ ಬಂದಾಗ ಅದು ಸತ್ಯವೋ ಸುಳ್ಳೋ ಎಂದು ಕೇಳುವುದಕ್ಕಿಂತ, ಯಾವ ಯಾವ ಕೈ ದಾಟಿ ಬಂತು ಎಂದು ವಿಚಾರಿಸುವುದು ಒಳ್ಳೆಯದು.

ಬೋಡ್ಮರ್ ಅವರ ಉದಾಹರಣೆಯನ್ನೇ ನೋಡೋಣ. ಜರ್ಮನಿಯ ವೀಡ್ ಮನೆತನದ ರಾಜಕುಮಾರ ಮ್ಯಾಕ್ಸಿಮಿಲಿಯನ್ ಗಂಭೀರ ನಿಸರ್ಗಶಾಸ್ತ್ರಜ್ಞರು. 1832ರ ಜುಲೈಯಲ್ಲಿ ಅವರು ಬೋಸ್ಟನ್‌ನಲ್ಲಿ ಇಳಿದಾಗ ಜೊತೆಗಿದ್ದವರು ಇಬ್ಬರೇ: 23 ವರ್ಷದ ಬೋಡ್ಮರ್, ಮತ್ತು ಬೇಟೆಯಾಡಿ ಪ್ರಾಣಿಗಳ ಚರ್ಮ ಹದಮಾಡುವ ಡ್ರೈಡಾಪ್ಪಲ್. 1833ರ ಏಪ್ರಿಲ್‌ನಲ್ಲಿ ಸೇಂಟ್ ಲೂಯಿಸ್‌ನಿಂದ ಉಗಿದೋಣಿ ಹತ್ತಿ ಮಿಸೌರಿ ನದಿಯ ಮೇಲ್ಭಾಗಕ್ಕೆ ಹೋದರು. ಮುಂದಿನ ಚಳಿಗಾಲವನ್ನು ಮಾಂಡನ್ ಊರಿನ ಪಕ್ಕದ ಫೋರ್ಟ್ ಕ್ಲಾರ್ಕ್ ಎಂಬ ವ್ಯಾಪಾರಿ ಕೋಟೆಯಲ್ಲಿ ಕಳೆದರು. ಬಣ್ಣ, ಕುಂಚ ಎಲ್ಲ ಹೆಪ್ಪುಗಟ್ಟಿ, ಬಿಸಿನೀರಿಟ್ಟುಕೊಂಡು ಬೋಡ್ಮರ್ ಚಿತ್ರ ಬರೆದರೆಂದು ಮ್ಯಾಕ್ಸಿಮಿಲಿಯನ್ ದಾಖಲಿಸಿದ್ದಾರೆ. ಎದುರು ಕುಳಿತವರ ಹೆಸರನ್ನೂ ಬರೆದಿಟ್ಟಿದ್ದಾರೆ.

ಆ ಬರಹದ ಬೆಲೆ ತಿಳಿಯಬೇಕಾದರೆ ಮಾತೊ-ತೋಪೆಯವರ ಎರಡನೆಯ ಚಿತ್ರವನ್ನು ಹತ್ತಿರದಿಂದ ನೋಡಬೇಕು. ಮೊದಲನೆಯದರಲ್ಲಿ ಅವರು ಗರಿಗಳ ಶಿರೋಭೂಷಣ ಧರಿಸಿ, ಪೂರ್ತಿ ಉಡುಪು ತೊಟ್ಟು ನಿಂತಿದ್ದಾರೆ. ಎರಡನೆಯದರಲ್ಲಿ ಮೈಗೆ ಬಣ್ಣ ಬಳಿದುಕೊಂಡಿದ್ದಾರೆ. ಕೂದಲಿಗೆ ಸಿಕ್ಕಿಸಿದ ಕೆಂಪು ಮರದ ಚೂರಿ, ಷೈಯೆನ್ ಎಂಬ ಇನ್ನೊಂದು ಜನಾಂಗದ ನಾಯಕನೊಬ್ಬನನ್ನು ಅವನ ಚೂರಿಯಿಂದಲೇ ಕೊಂದದ್ದರ ಗುರುತು. ತುದಿಗೆ ಹಿತ್ತಾಳೆಯ ಮೊಳೆ ಇರುವ ಆರು ಬಣ್ಣದ ಕಡ್ಡಿಗಳು ಗುಂಡೇಟುಗಳಿಗೆ, ಕಾಡು ಟರ್ಕಿ ಕೋಳಿಯ ಗರಿ ಬಾಣದ ಗಾಯಕ್ಕೆ. ತಲೆಯ ಹಿಂಬದಿಗೆ ಹಳದಿ ಬಣ್ಣ ಹಚ್ಚಿದ ಗೂಬೆಗರಿಗಳ ಗೊಂಚಲು. ಅದು ಅವರ ಯೋಧಕೂಟದ ಲಾಂಛನ. ತೋಳಿನ ಮೇಲಿನ ಹಳದಿ ಪಟ್ಟೆಗಳು ಸಾಹಸಗಳ ಲೆಕ್ಕ, ಎದೆಯ ಮೇಲಿನ ಹಳದಿ ಹಸ್ತ ಶತ್ರುಗಳನ್ನು ಸೆರೆಹಿಡಿದದ್ದರ ಗುರುತು. ಮ್ಯಾಕ್ಸಿಮಿಲಿಯನ್ ಅವರ ಟಿಪ್ಪಣಿ ಇಲ್ಲದಿದ್ದರೆ ಇದನ್ನೆಲ್ಲ ನಾವು ಅಲಂಕಾರ ಎಂದುಕೊಂಡು ಬಿಡುತ್ತಿದ್ದೆವು. ಚಿತ್ರ ಮತ್ತು ಕ್ಷೇತ್ರಟಿಪ್ಪಣಿ ಎರಡೂ ಉಳಿದು, ಒಂದಕ್ಕೊಂದು ತಾಳೆಯಾದರೆ ಅದಕ್ಕಿಂತ ಗಟ್ಟಿ ಪುರಾವೆ ಈ ಕ್ಷೇತ್ರದಲ್ಲಿ ಇಲ್ಲ.

ಹಾಗೆಂದು ಬೋಡ್ಮರ್ ಅವರ ಎಲ್ಲ ಮುದ್ರಿತ ಚಿತ್ರಗಳೂ ಒಂದೇ ತೂಕದವಲ್ಲ. ಅವರ ಚಿತ್ರಸಂಪುಟದಲ್ಲಿ 81 ತಗಡುಚಿತ್ರಗಳಿವೆ (ಲೋಹದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕಿದವು): 48 ದೊಡ್ಡವು, 33 ಚಿಕ್ಕವು. 1839ರಿಂದ 1843ರ ನಡುವೆ ಮ್ಯಾಕ್ಸಿಮಿಲಿಯನ್ ಪ್ರವಾಸಗ್ರಂಥದ ಜರ್ಮನ್, ಫ್ರೆಂಚ್, ಇಂಗ್ಲಿಷ್ ಆವೃತ್ತಿಗಳ ಜೊತೆ ಹೊರಬಂದವು. ತಗಡು ಕೆತ್ತಿದವರು ಯುರೋಪಿನ ಹಲವು ಕೆತ್ತನೆಗಾರರು, ಮೇಲ್ವಿಚಾರಣೆ ಪ್ಯಾರಿಸ್‌ನಲ್ಲಿದ್ದ ಬೋಡ್ಮರ್ ಅವರದು. ಒಬ್ಬರೇ ವ್ಯಕ್ತಿ ಇರುವ ಚಿತ್ರಗಳು ಎದುರು ಕೂರಿಸಿ ಬರೆದ ಜಲವರ್ಣಗಳಿಗೆ ಹತ್ತಿರ ಇವೆ. ಕುಣಿತ, ಬೇಟೆ, ಕಾಳಗದ ಗುಂಪುಚಿತ್ರಗಳ ವಿಷಯ ಬೇರೆ. 1833ರ ಆಗಸ್ಟ್ 28ರಂದು ಫೋರ್ಟ್ ಮೆಕೆಂಜಿಯ ಮುಂದೆ ನಡೆದ ಕಾಳಗವನ್ನು ಬೋಡ್ಮರ್ ಕಣ್ಣಾರೆ ಕಂಡಿದ್ದರು ನಿಜ. ಆದರೆ ಗುಂಡು ಹಾರುವ ಹೊತ್ತಿನಲ್ಲಿ ಅಷ್ಟೊಂದು ಜನರ ಭಂಗಿ ಬರೆದುಕೊಳ್ಳುವುದು ಯಾರಿಂದಲೂ ಆಗದು. ಆ ದೃಶ್ಯವನ್ನು ಜೋಡಿಸಿದ್ದು ಪ್ಯಾರಿಸ್‌ನಲ್ಲಿ. ಅದರಲ್ಲಿನ ಆಯುಧ, ಉಡುಪುಗಳನ್ನು ನಂಬಬಹುದು. ಯಾರು ಎಲ್ಲಿ ನಿಂತಿದ್ದರು ಎಂಬುದಕ್ಕೆ ಅದನ್ನು ಸಾಕ್ಷಿ ಮಾಡಿಕೊಳ್ಳಬಾರದು.

ಇನ್ನೂ ದೂರದ್ದು, ಹೋಗದೆಯೇ ಬರೆದವರ ಚಿತ್ರ. ಬ್ರಿಟಿಷ್ ನಿಸರ್ಗಶಾಸ್ತ್ರಜ್ಞ ಆಲ್ಫ್ರೆಡ್ ರಸೆಲ್ ವಾಲೆಸ್ 1854ರಿಂದ 1862ರವರೆಗೆ ಮಲಯ ದ್ವೀಪಸಮೂಹ ಸುತ್ತಿ 1869ರಲ್ಲಿ ಪ್ರವಾಸಗ್ರಂಥ ಪ್ರಕಟಿಸಿದರು. ಮೊದಲ ಸಂಪುಟದ ಮುಖಚಿತ್ರದಲ್ಲಿ ಬೋರ್ನಿಯೋದ ಡಯಾಕ್ ಜನರು ಒರಾಂಗುಟಾನ್ ಜೊತೆ ಸೆಣಸುತ್ತಿದ್ದಾರೆ. ಬರೆದವರು ಲಂಡನ್‌ನಲ್ಲಿದ್ದ ಜೋಸೆಫ್ ವುಲ್ಫ್, ಆ ಕಾಲದ ಅತ್ಯುತ್ತಮ ಪ್ರಾಣಿಚಿತ್ರಕಾರರಲ್ಲೊಬ್ಬರು. ಅವರು ಬೋರ್ನಿಯೋ ಕಂಡವರಲ್ಲ. ಘಟನೆಯನ್ನು ವಾಲೆಸ್ ಪುಸ್ತಕದೊಳಗೆ ವಿವರಿಸಿದ್ದಾರೆ, ಚಿತ್ರ ಅದನ್ನು ಅನುಸರಿಸುತ್ತದೆ. ಆದರೆ ಅಲ್ಲಿನ ಡಯಾಕ್ ಮುಖಗಳು ಯಾವ ಡಯಾಕರ ಮುಖವೂ ಅಲ್ಲ. ತಮ್ಮ ಪುಸ್ತಕದ ಚಿತ್ರಗಳಿಗೆ ಸ್ವಂತ ರೇಖಾಚಿತ್ರ, ಫೋಟೊ, ಸಂಗ್ರಹದ ಮಾದರಿಗಳು ಆಧಾರ ಎಂದು ವಾಲೆಸ್ ಮುನ್ನುಡಿಯಲ್ಲೇ ತಿಳಿಸಿದ್ದಾರೆ. ಯಾವುದೇ ಪ್ರವಾಸಗ್ರಂಥ ಕೈಗೆತ್ತಿಕೊಂಡರೂ ಮೊದಲು ಮುನ್ನುಡಿ ಮತ್ತು ಚಿತ್ರಗಳ ಪಟ್ಟಿ ಓದಿ. ಚಿತ್ರದ ಕೆಳ ಅಂಚಿನ ಎಡಗಡೆ ಸಾಮಾನ್ಯವಾಗಿ ಬರೆದವರ ಹೆಸರು, ಬಲಗಡೆ ಕೆತ್ತಿದವರ ಹೆಸರು ಇರುತ್ತದೆ. 'ಡೆಲ್.' ಅಥವಾ 'ಪಿಂಕ್ಸ್.' ಎಂದಿದ್ದರೆ ಬರೆದವರು, 'ಸ್ಕಲ್ಪ್.' ಎಂದಿದ್ದರೆ ಕೆತ್ತಿದವರು, 'ಲಿತ್.' ಎಂದಿದ್ದರೆ ಕಲ್ಲಿನ ಮೇಲೆ ಬಿಡಿಸಿದವರು. ಎರಡೂ ಹೆಸರು ಸಿಕ್ಕ ಮೇಲೆ, ಎಡಗಡೆಯವರು ಆ ಪ್ರವಾಸದಲ್ಲಿ ಇದ್ದರೋ ಇಲ್ಲವೋ ನೋಡಿ. ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ಬ್ರೆಜಿಲ್ ಕಾಡಿನವರಾಗಲಿ, ಪೆಸಿಫಿಕ್ ದ್ವೀಪದವರಾಗಲಿ, ಎಲ್ಲರ ಮೈಕಟ್ಟೂ ಗ್ರೀಕ್ ಶಿಲ್ಪದಂತೆ ಏಕಿರುತ್ತದೆ? (ಮೈಸೂರು)

ಉತ್ತರ: ಕೆತ್ತನೆಗಾರರು ಕಲಿತದ್ದೇ ಗ್ರೀಕ್, ರೋಮನ್ ಪ್ರತಿಮೆಗಳ ಗಾರೆ ಅಚ್ಚುಗಳನ್ನು ನೋಡಿ. ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟ ಓರೆಮಾಡಿ, ಕೈಯನ್ನು ಕೋಲಿಗೋ ಬಿಲ್ಲಿಗೋ ಆನಿಸಿ ನಿಲ್ಲಿಸುವುದು ಕಲಾ ಅಕಾಡೆಮಿಯ ಪಾಠ. ಪ್ರವಾಸಿ ತಂದ ರೇಖಾಚಿತ್ರದಲ್ಲಿ ಮೈಯ ಅಳತೆ ಸರಿಯಿಲ್ಲ ಎನಿಸಿದರೆ ಅವರು ಅದನ್ನು 'ತಿದ್ದುತ್ತಿದ್ದರು'. ಪ್ರಕಾಶಕರಿಗೂ ಅದೇ ಬೇಕಿತ್ತು. ದುಬಾರಿ ಪುಸ್ತಕ ಕೊಳ್ಳುವವರ ಕಣ್ಣಿಗೆ ಅದು ಚೆನ್ನಾಗಿ ಕಾಣಬೇಕಿತ್ತು.

ಇದಕ್ಕೆ ಸ್ಪಷ್ಟ ನಿದರ್ಶನ ಅದೇ ಮ್ಯಾಕ್ಸಿಮಿಲಿಯನ್ ಅವರ ಮೊದಲ ಪ್ರವಾಸ. 1815ರಿಂದ 1817ರವರೆಗೆ ಅವರು ಬ್ರೆಜಿಲ್‌ನ ಕರಾವಳಿ ಕಾಡುಗಳಲ್ಲಿದ್ದರು. ಆಗ ಬೊಟೊಕುಡೊ ಎನ್ನುತ್ತಿದ್ದ ಜನರ ಚಿತ್ರಗಳನ್ನು ತಾವೇ ಬರೆದುಕೊಂಡರು. ಅವರು ಕಲಾವಿದರಲ್ಲ, ಗೆರೆ ಒರಟು, ಮೈ ಗಿಡ್ಡ. ಆದರೆ ತುಟಿ ಮತ್ತು ಕಿವಿಯ ಮರದ ಬಿಲ್ಲೆ, ಕೂದಲು ಕತ್ತರಿಸಿದ ರೀತಿ, ಬಿಲ್ಲಿನ ಉದ್ದ ಇವೆಲ್ಲ ಕಂಡಂತೆಯೇ ಇವೆ. ಊರಿಗೆ ಮರಳಿದ ಮೇಲೆ ಅವರ ಒಡಹುಟ್ಟಿದವರು ಅವನ್ನು ಚಂದಮಾಡಿ ಮತ್ತೆ ಬರೆದರು. ಕೆತ್ತನೆಗಾರರು ತಾಮ್ರಕ್ಕೆ ಇಳಿಸುವಾಗ ಇನ್ನಷ್ಟು ನಯಮಾಡಿದರು. 1820ರ ದಶಕದ ಆರಂಭದಲ್ಲಿ ಹೊರಬಂದ ಪುಸ್ತಕದಲ್ಲಿ ಕಾಣುವುದು ಈ ಮೂರನೆಯ ರೂಪ. ಮೂಲ ರೇಖೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಅಭಿಪ್ರಾಯದಲ್ಲಿ ಒರಟು ಚಿತ್ರವೇ ಮೇಲು. ಅಮೆರಿಕಕ್ಕೆ ಹೊರಡುವಾಗ ಅವರು ಪಳಗಿದ ಕಲಾವಿದರನ್ನೇ ಕರೆದುಕೊಂಡು ಹೋದದ್ದು ಸಹಜವೇ.

ಇನ್ನೊಂದು ದೋಷ ಸುಲಭವಾಗಿ ಕಣ್ಣು ತಪ್ಪಿಸುತ್ತದೆ: ಎಡಬಲ ಅದಲುಬದಲು. ತಗಡಿನಲ್ಲೋ ಕಲ್ಲಿನಲ್ಲೋ ಇದ್ದದ್ದು ಕಾಗದದ ಮೇಲೆ ತಿರುಗುಮುರುಗಾಗಿ ಮೂಡುತ್ತದೆ. ಹುಷಾರಿನ ಕೆಲಸಗಾರರು ಮೂಲಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಕೆತ್ತುತ್ತಿದ್ದರು. ಅವಸರದವರು ಹಾಗೆಯೇ ನಕಲು ಮಾಡುತ್ತಿದ್ದರು. ಬಾಣ ಎಳೆಯುವವರೆಲ್ಲ ಎಡಚರಂತೆ ಕಂಡರೆ, ಪರಿಚಿತ ಬೆಟ್ಟದ ಸಾಲು ಹಿಂದುಮುಂದಾಗಿದ್ದರೆ ಅನುಮಾನಿಸಿ. ಒಂದೇ ತೋಳಿನ ಹಚ್ಚೆ ಯಾವ ಕಡೆಯದು ಎಂದು ಇಂಥ ಮುದ್ರಣ ಒಂದನ್ನೇ ನೋಡಿ ತೀರ್ಮಾನಿಸಬೇಡಿ.

ಪ್ರಶ್ನೆ: ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ 'ರೆಡ್ ಇಂಡಿಯನ್' ನಾಯಕನ ಬಣ್ಣದ ಚಿತ್ರವಿರುವ ಬಿಡಿಹಾಳೆ ಸಿಕ್ಕಿತು. 19ನೇ ಶತಮಾನದ್ದೇ ಎಂದು ಹೇಗೆ ತಿಳಿಯುವುದು? (ಬೆಂಗಳೂರು)

ಉತ್ತರ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಬೇಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದೂ ಆದೀತು. ಕೈ ತೊಳೆದು, ಒರೆಸಿ, ಹಾಳೆಯನ್ನು ಬಿಳಿ ಕಾಗದದ ಮೇಲೆ ಇಟ್ಟು, ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬೀಳುವಂತೆ ನೋಡಿ.

ಮೊದಲು ಮುಖದ ಭಾಗ. ಹಳದಿ, ಕೆಂಪು, ನೀಲಿ, ಕಪ್ಪು ಚುಕ್ಕೆಗಳು ಸಾಲಾಗಿ, ಪುಟ್ಟ ಹೂವಿನಾಕಾರದಲ್ಲಿ ಕಂಡರೆ ಅದು 20ನೇ ಶತಮಾನದ ಆಫ್‌ಸೆಟ್ ಮುದ್ರಣ. ವಿಚಾರ ಅಲ್ಲಿಗೇ ಮುಗಿಯಿತು. ಚುಕ್ಕೆಗಳ ಸಾಲು ಇಲ್ಲದಿದ್ದರೆ ಮುಂದೆ ಹೋಗಿ.

ಚಿತ್ರದ ಸುತ್ತ, ಅಂಚಿನಿಂದ ಸ್ವಲ್ಪ ಆಚೆ, ಕಾಗದ ಆಯತಾಕಾರವಾಗಿ ಒತ್ತಿ ತಗ್ಗಾಗಿದೆಯೇ ಎಂದು ಬೆರಳಿನಿಂದ ಮೃದುವಾಗಿ ಸವರಿ. ತಗ್ಗಿದ್ದರೆ ಅದು ತಾಮ್ರದ ತಗಡಿನ ಗುರುತು. ತೇವ ಮಾಡಿದ ಕಾಗದವನ್ನು ತಗಡಿನ ಜೊತೆ ರೋಲರುಗಳ ನಡುವೆ ಹಾಯಿಸುವಾಗ ಆಗುವಂಥದ್ದು. ಅಂಚು ಕತ್ತರಿಸಿ ಬೈಂಡ್ ಮಾಡಿದ್ದರೆ ಈ ಗುರುತು ಹೋಗಿರಲೂಬಹುದು. ಬೂದುಬಣ್ಣದ ಭಾಗಗಳಲ್ಲಿ ಸಣ್ಣ ಸಣ್ಣ ಬಿಳಿ ದ್ವೀಪಗಳ ಸುತ್ತ ಕಪ್ಪು ಬಲೆ ಹೆಣೆದಂತೆ ಕಂಡರೆ ಅದು ಆಕ್ವಾಟಿಂಟ್, ಬೋಡ್ಮರ್ ಚಿತ್ರಗಳ ವಿಧಾನ. ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ ಕಣಗಳು ಅಂಟುವಂತೆ ಮಾಡುತ್ತಾರೆ. ಪೂರ್ತಿ ಬಿಳಿ ಉಳಿಯಬೇಕಾದ ಕಡೆ ವಾರ್ನಿಷ್ ಬಳಿದು ಆಮ್ಲದಲ್ಲಿ ಅದ್ದುತ್ತಾರೆ. ತೆಗೆದು, ತಿಳಿಬೂದು ಇರಬೇಕಾದ ಕಡೆ ವಾರ್ನಿಷ್ ಬಳಿದು ಮತ್ತೆ ಅದ್ದುತ್ತಾರೆ. ಹೀಗೆ ಗಾಢ ಕಪ್ಪಿನವರೆಗೆ. ರಾಳ ಹೆಚ್ಚು ಕಾದರೆ ಕಣಗಳು ಕರಗಿ ಒಂದಾಗಿ ಆಮ್ಲಕ್ಕೆ ದಾರಿಯೇ ಇರುವುದಿಲ್ಲ. ಕಡಿಮೆ ಕಾದರೆ ಕಣಗಳು ಕಿತ್ತು ಬಂದು ಆ ಜಾಗದ ಛಾಯೆ ಕೆಡುತ್ತದೆ. ತಗಡು ಸವೆದಂತೆ ಮೊದಲು ಮಾಸುವುದು ತಿಳಿ ಛಾಯೆಗಳು, ಅಂದರೆ ಮುಖ ಮತ್ತು ಚರ್ಮದ ಭಾಗ. ಕೊನೆಕೊನೆಯ ಪ್ರತಿಗಳಲ್ಲಿ ಮುಖಗಳು ಸಪ್ಪಗೆ ಕಾಣುವುದು ಇದಕ್ಕೇ.

ತಗ್ಗಿನ ಗುರುತಿಲ್ಲದೆ, ಒರಟು ಕಾಗದದ ಮೇಲೆ ಸೀಮೆಸುಣ್ಣ ಎಳೆದಂಥ ಅನಿಯತ ಕಣಗಳಿದ್ದು, ಮಸಿ ಕಾಗದದ ಮೇಲೆ ಸಪಾಟಾಗಿ ಕೂತಿದ್ದರೆ ಅದು ಕಲ್ಲಚ್ಚು. 1790ರ ದಶಕದ ಕೊನೆಗೆ ಜರ್ಮನಿಯ ಬವೇರಿಯಾದಲ್ಲಿ ಆಲೋಯ್ಸ್ ಸೆನೆಫೆಲ್ಡರ್ ರೂಪಿಸಿದ ವಿಧಾನ. ಸೋಲ್ನ್‌ಹೋಫೆನ್ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬಿಡಿಸಿ, ಗಮ್ ಅರೇಬಿಕ್ (ಒಂದು ಬಗೆಯ ಮರದ ಅಂಟು) ಮತ್ತು ತೆಳು ನೈಟ್ರಿಕ್ ಆಮ್ಲ ಸವರುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಅಚ್ಚಾದದ್ದೂ ಕಲ್ಲಚ್ಚಿನಲ್ಲೇ.

ಕಪ್ಪಿನ ನಡುವೆ ಬಿಳಿ ಗೆರೆಗಳನ್ನು ಕೊರೆದಂತೆ ಕಂಡು, ಹಿಂಬದಿಯಲ್ಲಿ ಪುಸ್ತಕದ ಪಠ್ಯವಿದ್ದರೆ ಅದು ಮರದಚ್ಚು. ವಾಲೆಸ್ ಪುಸ್ತಕದ್ದು ಈ ಜಾತಿ.

ನಿಮ್ಮ ಹಾಳೆ ಬೋಡ್ಮರ್ ಅವರದೇ ಆಗಿದ್ದರೆ ಇನ್ನೆರಡು ಗುರುತು ಹುಡುಕಿ. ಶೀರ್ಷಿಕೆ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ಇರುತ್ತದೆ. ಚಿತ್ರದ ಕೆಳಗೆ ನಡುಭಾಗದಲ್ಲಿ ಮಸಿಯಿಲ್ಲದ ಉಬ್ಬುಮುದ್ರೆ, ಬೋಡ್ಮರ್ ಅವರ ಹೆಸರಿನದು, ಓರೆ ಬೆಳಕಿನಲ್ಲಿ ಕಾಣುತ್ತದೆ. ಒಂದು ಎಚ್ಚರಿಕೆ: ಮೂಲ ತಾಮ್ರದ ತಗಡುಗಳು ಇಂದಿಗೂ ಇವೆ, 20ನೇ ಶತಮಾನದ ಕೊನೆಯಲ್ಲಿ ಅವುಗಳಿಂದಲೇ ಹೊಸ ಪ್ರತಿಗಳನ್ನು ತೆಗೆದಿದ್ದಾರೆ. ಆದ್ದರಿಂದ ತಗಡಿನ ಗುರುತೊಂದೇ ಹಳೆಯ ಪ್ರತಿಗೆ ಸಾಕ್ಷಿಯಾಗದು. ಕಾಗದದ ವಯಸ್ಸು, ಅದರ ಹಳದಿ, ಹೊಲಿಗೆಯ ತೂತು ಎಲ್ಲ ಒಟ್ಟಿಗೆ ನೋಡಬೇಕು.

ಪ್ರಶ್ನೆ: ಬಣ್ಣವನ್ನು ನಂಬಬಹುದೇ? (ಹಾಸನ)

ಉತ್ತರ: ಮುದ್ರಿತ ಪ್ರತಿಯಲ್ಲಿ ಎಚ್ಚರದಿಂದ. ಕಪ್ಪಿನಲ್ಲಿ ಅಚ್ಚಾದ ಹಾಳೆಗೆ ಕೂಲಿಯವರು ಒಂದು ಮಾದರಿ ಪ್ರತಿ ನೋಡಿಕೊಂಡು ಕೈಯಿಂದ ಬಣ್ಣ ತುಂಬುತ್ತಿದ್ದರು. ಒಂದೇ ತಗಡಿನ ಎರಡು ಪ್ರತಿಗಳಲ್ಲಿ ಹೊದಿಕೆ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಕಂದು ಇರುವುದುಂಟು. ಬಣ್ಣವಿಲ್ಲದ ಪ್ರತಿಗಳಿಗೆ ಎಷ್ಟೋ ವರ್ಷಗಳ ನಂತರ ವ್ಯಾಪಾರಿಗಳು ಬಣ್ಣ ಹಾಕಿಸಿದ್ದೂ ಇದೆ. ಮೈಬಣ್ಣ, ಯುದ್ಧವರ್ಣಗಳ ಬಗ್ಗೆ ಮಾತಾಡಬೇಕಾದರೆ ಮೂಲ ಜಲವರ್ಣಕ್ಕೆ ಹೋಗಿ. ಬೋಡ್ಮರ್ ಅವರ ಜಲವರ್ಣಗಳ ಬಹುದೊಡ್ಡ ಸಂಗ್ರಹ ಅಮೆರಿಕದ ಒಮಾಹಾ ನಗರದ ಜೋಸ್ಲಿನ್ ಕಲಾ ಸಂಗ್ರಹಾಲಯದಲ್ಲಿದೆ.

ಪ್ರಶ್ನೆ: ಒಂದೇ ಚಿತ್ರ ಎರಡು ಪುಸ್ತಕಗಳಲ್ಲಿ ಎರಡು ಬೇರೆ ಜನಾಂಗದ ಹೆಸರಿನಲ್ಲಿ ಕಂಡಿತು. ಹೇಗೆ ಸಾಧ್ಯ? (ಉಡುಪಿ)

ಉತ್ತರ: ಮರದಚ್ಚಿನ ವ್ಯಾಪಾರದಲ್ಲಿ ಇದು ನಡೆಯುತ್ತಲೇ ಇತ್ತು. ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು, ನಯಮಾಡಿ, ಆ ಮುಖದ ಮೇಲೆ ಕೊರೆಯುತ್ತಿದ್ದರು. ಕಾಂಡ ಸಣ್ಣದಾದ್ದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಬೇಕಿತ್ತು. ಪತ್ರಿಕೆಯ ಅವಸರಕ್ಕೆ ತುಂಡುಗಳನ್ನು ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರರಿಗೆ ಒಂದೊಂದು ಕೊಡುತ್ತಿದ್ದರು. ಕೂಡುವಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುವುದು ಅದರಿಂದ. ಮುಗಿದ ಅಚ್ಚಿನ ಮೇಲೆ ಮೇಣ ಒತ್ತಿ, ಆ ಮೇಣಕ್ಕೆ ಗ್ರಾಫೈಟ್ ಸವರಿ, ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ವಿದ್ಯುತ್ ಹಾಯಿಸಿದರೆ ತಾಮ್ರದ ಪದರ ಕೂಡಿ ಪಡಿಯಚ್ಚು ಸಿದ್ಧ. ಈ ಪಡಿಯಚ್ಚುಗಳನ್ನು ಪ್ರಕಾಶಕರು ಬೇರೆ ದೇಶದ ಪ್ರಕಾಶಕರಿಗೂ ಮಾರುತ್ತಿದ್ದರು. ಶೀರ್ಷಿಕೆ ಬೇರೆಯಾಗಿ ಜೋಡಿಸಿದ ಅಚ್ಚುಮೊಳೆಯಾದ್ದರಿಂದ ಬದಲಿಸಲು ನಿಮಿಷ ಸಾಕು. ಎರಡರಲ್ಲಿ ಯಾವ ಪುಸ್ತಕ ಮೊದಲು ಬಂತು ನೋಡಿ, ಅದರ ಶೀರ್ಷಿಕೆಯನ್ನು ಅದೇ ಪುಸ್ತಕದ ಪಠ್ಯದೊಂದಿಗೆ ತಾಳೆ ಮಾಡಿ. ಪಠ್ಯದಲ್ಲಿ ಆ ಜನರ ಮಾತೇ ಇಲ್ಲದಿದ್ದರೆ ಅದೂ ಎರವಲು ಚಿತ್ರವೇ ಇರಬೇಕು.

ಪ್ರಶ್ನೆ: ಚಿತ್ರದಲ್ಲಿರುವವರ ಒಪ್ಪಿಗೆ ಕೇಳುತ್ತಿದ್ದರೇ? (ಧಾರವಾಡ)

ಉತ್ತರ: ಎದುರು ಕುಳಿತವರು ಎಷ್ಟು ಬಲಶಾಲಿ ಎಂಬುದರ ಮೇಲೆ ಅದು ನಿಂತಿತ್ತು. 1816ರಲ್ಲಿ ರಷ್ಯಾದ ಹಡಗಿನ ಕಲಾವಿದ ಲೂಯಿ ಕೋರಿಸ್ ಹವಾಯಿಯ ರಾಜ ಕಮೇಹಮೇಹರ ಚಿತ್ರ ಬರೆಯಲು ಅನುಮತಿ ಕೇಳಿದರು. ರಾಜರು ಒಳಗೆ ಹೋಗಿ ನೀಲಿ ಷರಾಯಿ, ಕೆಂಪು ವೇಸ್ಟ್‌ಕೋಟು, ಬಿಳಿ ಅಂಗಿ, ಹಳದಿ ರೇಷ್ಮೆ ಟೈ ತೊಟ್ಟು ಬಂದರು. ಉಡುಪು ಬದಲಿಸಿ ಎಂದು ಕೋರಿಸ್ ಬೇಡಿಕೊಂಡರೂ ರಾಜರು ಒಪ್ಪಲಿಲ್ಲ. ತಮ್ಮನ್ನು ಜಗತ್ತು ಹೇಗೆ ನೋಡಬೇಕು ಎಂಬುದನ್ನು ಅಲ್ಲಿ ಅವರೇ ನಿರ್ಧರಿಸಿದರು. ಮಾತೊ-ತೋಪೆಯವರೂ ಹಾಗೆಯೇ. ಬೋಡ್ಮರ್ ಕೊಟ್ಟ ಕಾಗದ, ಬಣ್ಣದಲ್ಲಿ ಅವರೇ ತಮ್ಮ ಕಾಳಗದ ಚಿತ್ರ ಬರೆದರು. ಮೂಲನಿವಾಸಿಯ ಕೈಯ ಚಿತ್ರದ ಪ್ರತಿಕೃತಿಯೊಂದು ಬೋಡ್ಮರ್ ಸಂಪುಟದಲ್ಲಿಯೂ ಸೇರಿದೆ. ನಮಗೆ ಆ ಸಂಪುಟದ ಅತ್ಯಂತ ಮುಖ್ಯ ಹಾಳೆ ಅದೇ. 1837ರ ಜುಲೈಯಲ್ಲಿ ಮಾತೊ-ತೋಪೆ ಸಿಡುಬಿನಿಂದ ತೀರಿಕೊಂಡರು. ಉಗಿದೋಣಿಯೊಂದರ ಮೂಲಕ ಬಂದ ಆ ರೋಗಕ್ಕೆ ಮಾಂಡನ್ ಜನರಲ್ಲಿ ಬಹುಪಾಲು ಬಲಿಯಾದರು. ಹಾಗಾಗಿ ಅವರ ಇಂದಿನ ವಂಶಜರಿಗೂ ಆ ಹಾಳೆಗಳು ಬೆಲೆಬಾಳುತ್ತವೆ.

ಬಲವಿಲ್ಲದವರ ವಿಷಯದಲ್ಲಿ ನಡೆದದ್ದು ಬೇರೆ. ಬವೇರಿಯಾದ ನಿಸರ್ಗಶಾಸ್ತ್ರಜ್ಞರಾದ ಸ್ಪಿಕ್ಸ್ ಮತ್ತು ಮಾರ್ಷಿಯಸ್ 1817ರಿಂದ 1820ರವರೆಗೆ ಬ್ರೆಜಿಲ್ ಸುತ್ತಿ ಮರಳುವಾಗ ಅಮೆಜಾನ್ ಪ್ರದೇಶದಿಂದ ಜುರಿ ಜನಾಂಗದ ಹುಡುಗನನ್ನೂ ಮಿರಾನ್ಹಾ ಜನಾಂಗದ ಹುಡುಗಿಯನ್ನೂ ಮ್ಯೂನಿಕ್‌ಗೆ ಕರೆತಂದರು. ಹುಡುಗ 1821ರಲ್ಲಿ, ಹುಡುಗಿ 1822ರಲ್ಲಿ ತೀರಿಕೊಂಡರು. ಇಬ್ಬರ ಮುಖಗಳೂ ಕಲ್ಲಚ್ಚಿನಲ್ಲಿ ಅವರ ಪ್ರವಾಸಗ್ರಂಥದ ಚಿತ್ರಸಂಪುಟ ಸೇರಿದವು. ಮ್ಯಾಕ್ಸಿಮಿಲಿಯನ್ ಜೊತೆ ಬ್ರೆಜಿಲ್‌ನಿಂದ ಅವರ ಊರಾದ ನಾಯ್‌ವೀಡ್‌ಗೆ ಬಂದ ಕ್ವೆಕ್ ಎಂಬ ಬೊಟೊಕುಡೊ ಯುವಕ ಅಲ್ಲೇ ತೀರಿಕೊಂಡಾಗ ಅವರ ತಲೆಬುರುಡೆ ಬಾನ್ ನಗರದ ಅಂಗರಚನಾ ಸಂಗ್ರಹಕ್ಕೆ ಹೋಯಿತು. ಅದನ್ನು ಬ್ರೆಜಿಲ್‌ಗೆ ಮರಳಿಸಿದ್ದು ಈ ಶತಮಾನದಲ್ಲಿ. ಇಂಥ ಮುಖಗಳನ್ನು 'ಮಾದರಿ' ಎಂದು ತೋರಿಸುವುದು ಅಂದು ನಡೆದ ಅನ್ಯಾಯವನ್ನು ಇಂದು ಮುಂದುವರಿಸಿದಂತೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಇಂಥ ಚಿತ್ರಗಳ ಪ್ರದರ್ಶನ ಮಾಡಬೇಕೆಂದಿದ್ದೇವೆ. ಎಲ್ಲಿ ಸಿಗುತ್ತವೆ, ಕೆಳಗೆ ಏನು ಬರೆಯಬೇಕು? (ಹಾವೇರಿ, ಶಿಕ್ಷಕಿ)

ಉತ್ತರ: ವಾಲೆಸ್ ಪುಸ್ತಕ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ, ಇಂಟರ್‌ನೆಟ್ ಆರ್ಕೈವ್ ತಾಣಗಳಲ್ಲಿ ಪೂರ್ತಿಯಾಗಿದೆ. ಬೋಡ್ಮರ್ ತಗಡುಚಿತ್ರಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿವೆ. ನಮ್ಮ ದೇಶದ ಕಾನೂನಿನಂತೆ ಹಕ್ಕುಸ್ವಾಮ್ಯ ಕರ್ತೃ ತೀರಿಕೊಂಡ 60 ವರ್ಷಗಳವರೆಗೆ. ಬೋಡ್ಮರ್ ತೀರಿಕೊಂಡದ್ದು 1893ರಲ್ಲಿ, ಆದ್ದರಿಂದ ತೊಂದರೆಯಿಲ್ಲ. ಎ3 ಅಳತೆಗೆ ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಲು ಸುಮಾರು 3500×5000 ಪಿಕ್ಸೆಲ್ ಕಡತ ಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಆಗದು. ಅದು ಕುಗ್ಗಿ ಬಂದಿರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ 'ಎನ್‌ಹಾನ್ಸ್' ಮಾಡಿಸಬೇಡಿ, ಮುಖವರ್ಣದ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಅಂಚನ್ನೂ ಕತ್ತರಿಸಬೇಡಿ, ಬರೆದವರ ಮತ್ತು ಕೆತ್ತಿದವರ ಹೆಸರಿರುವುದು ಅಲ್ಲೇ.

ಪ್ರತಿ ಚಿತ್ರದ ಕೆಳಗೆ ಮೊದಲು ವ್ಯಕ್ತಿಯ ಹೆಸರು, ಆಮೇಲೆ ಜನಾಂಗದ ಇಂದಿನ ಹೆಸರು, ಊರು, ಎದುರು ಕೂತ ವರ್ಷ, ಬರೆದವರು, ಕೆತ್ತಿದವರು, ಅಚ್ಚಾದ ವರ್ಷ. ಕೂತ ವರ್ಷ ಮತ್ತು ಅಚ್ಚಾದ ವರ್ಷ ಎರಡನ್ನೂ ಬರೆಯುವುದು ಮುಖ್ಯ. ಹೀಗೆ: 'ಪೆಹ್ರಿಸ್ಕ-ರುಹ್ಪಾ, ಹಿದಾತ್ಸಾ ಯೋಧ, ನಾಯಿಕೂಟವೆಂಬ ಯೋಧಕೂಟದ ಕುಣಿತದ ಉಡುಪಿನಲ್ಲಿ, ಮಿಸೌರಿ ನದಿಯ ಮೇಲ್ಭಾಗ, 1833–34ರ ಚಳಿಗಾಲ, ಬರೆದವರು ಕಾರ್ಲ್ ಬೋಡ್ಮರ್, ತಾಮ್ರದ ಆಕ್ವಾಟಿಂಟ್, 1839–43.' ಪುಸ್ತಕದಲ್ಲಿ 'ಮಿನ್ನಟಾರಿ' ಎಂದಿದ್ದರೂ ಆ ಜನರು ಇಂದು ಹಿದಾತ್ಸಾ. 'ಬೊಟೊಕುಡೊ' ಎಂದು ಬರೆಸಿಕೊಂಡವರ ವಂಶಜರು ಇಂದು ಕ್ರೆನಾಕ್. ಹೆಸರು ಗೊತ್ತಿಲ್ಲದಿದ್ದರೆ 'ಹೆಸರು ದಾಖಲಾಗಿಲ್ಲ' ಎಂದು ಬರೆಯಿರಿ. ಹಾಗೆ ಬರೆದದ್ದನ್ನು ನೋಡಿದ ಮಕ್ಕಳು ಏಕೆ ಎಂದು ಕೇಳುತ್ತಾರೆ, ಆಗ ಪಾಠ ಶುರುವಾಗುತ್ತದೆ.

ಒಂದು ಹಾಳೆಯನ್ನು ವಿವರಣೆಯಿಲ್ಲದೆ ತೂಗುಹಾಕಬೇಡಿ. ಡಾರ್ವಿನ್ ಪಯಣಿಸಿದ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ 1839ರಲ್ಲಿ ಪ್ರಕಟಿಸಿದ ವರದಿಯದು. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊದಿಂದ 1830ರಲ್ಲಿ ಅವರು ಇಂಗ್ಲೆಂಡಿಗೆ ಕರೆದೊಯ್ದು ಮರಳಿ ಬಿಟ್ಟವರ ಮುಖಗಳು ಅದರಲ್ಲಿವೆ. ಯಾಗಾನ್ ಯುವಕ ಒರುಂಡೆಲಿಕೊ (ಹಡಗಿನವರು ಇಟ್ಟ ಹೆಸರು ಜೆಮ್ಮಿ ಬಟನ್) 1833ರಲ್ಲಿ ಕಾಲರ್ ತೊಟ್ಟು, ಕೂದಲು ಬಾಚಿಕೊಂಡಿದ್ದಾರೆ. 1834ರಲ್ಲಿ ಕೂದಲು ಕೆದರಿದೆ. 'ನಾಗರಿಕ'ನಾಗಿದ್ದವನು ಮತ್ತೆ 'ಕಾಡಿಗ'ನಾದ ಎಂದು ಹೇಳಲೆಂದೇ ಎರಡನ್ನೂ ಒಂದೇ ಹಾಳೆಯಲ್ಲಿ ಜೋಡಿಸಿದಂತಿದೆ. ಆ ಯುವಕ ತಮ್ಮ ಮನೆಯವರ ಜೊತೆ ಉಳಿಯುವುದನ್ನು ತಾವಾಗಿ ಆರಿಸಿಕೊಂಡರು, ಇಂಗ್ಲೆಂಡಿಗೆ ಮತ್ತೆ ಬರಲು ಒಪ್ಪಲಿಲ್ಲ ಎಂಬುದನ್ನು ಪಕ್ಕದಲ್ಲಿ ಬರೆದರೆ ಹಾಳೆಯ ಅರ್ಥವೇ ಬೇರೆಯಾಗುತ್ತದೆ.

ಪ್ರಶ್ನೆ: ಫೋಟೊ ಬಂದ ಮೇಲಾದರೂ ನಿಜವಾದ ಚಿತ್ರ ಸಿಕ್ಕಿತಲ್ಲವೇ? (ಕಲಬುರಗಿ)

ಉತ್ತರ: ಕೆತ್ತನೆಗಾರರ ಕೈ ಹೋಯಿತು, ಅಳತೆಗೋಲು ಬಂತು. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬವರು ಲಂಡನ್‌ನಲ್ಲಿ ಒಂದು ಚೌಕಟ್ಟು ಸೂಚಿಸಿದರು: 7 ಅಡಿ ಎತ್ತರ, 3 ಅಡಿ ಅಗಲ. ಒಳಗೆ 2 ಇಂಚಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ರೇಷ್ಮೆದಾರ. ಅದರ ಮುಂದೆ ಜನರನ್ನು ಬಟ್ಟೆಯಿಲ್ಲದೆ ನಿಲ್ಲಿಸಿ ಫೋಟೊ ತೆಗೆದರೆ ಎಲ್ಲ ಜನಾಂಗಗಳ ಮೈಯನ್ನೂ ಹೋಲಿಸಬಹುದು ಎಂಬ ಲೆಕ್ಕಾಚಾರ. ಅಂಥ ಫೋಟೊದಲ್ಲಿ ಎತ್ತರ ಸರಿಯಾಗಿ ಸಿಗುತ್ತದೆ. ಆ ವ್ಯಕ್ತಿ ಯಾರು, ಏನು ಮಾಡುತ್ತಿದ್ದರು, ತಮ್ಮನ್ನು ಹೇಗೆ ಅಲಂಕರಿಸಿಕೊಳ್ಳುತ್ತಿದ್ದರು ಎಂಬುದು ಒಂದಿಷ್ಟೂ ಸಿಗುವುದಿಲ್ಲ. ಮಾತೊ-ತೋಪೆಯವರ ಜಲವರ್ಣದಲ್ಲಿ ಅಷ್ಟೂ ಇದೆ. ಇನ್ನು 1880ರ ದಶಕದಲ್ಲಿ ಹಾಫ್‌ಟೋನ್ (ಫೋಟೊವನ್ನು ಚುಕ್ಕೆಗಳಾಗಿ ಒಡೆದು ಅಚ್ಚು ಹಾಕುವ ವಿಧಾನ) ಬರುವವರೆಗೆ ಪುಸ್ತಕದ ಪಠ್ಯದ ಜೊತೆಗೇ ಫೋಟೊ ಅಚ್ಚು ಹಾಕುವುದು ಕಷ್ಟವಿತ್ತು, ಹೆಚ್ಚಾಗಿ ಅದನ್ನು ನೋಡಿ ಮರದಚ್ಚು ಕೆತ್ತುತ್ತಿದ್ದರು. 'ಫೋಟೊದಿಂದ' ಎಂದು ಕೆಳಗೆ ಬರೆದಿದ್ದರೂ ನೀವು ನೋಡುತ್ತಿರುವುದು ಕೆತ್ತನೆಯನ್ನೇ.

ಪ್ರಶ್ನೆ: ನಮ್ಮ ನಾಡಿನ ಜನರ ಇಂಥ ಚಿತ್ರಗಳಿವೆಯೇ? (ತುಮಕೂರು)

ಉತ್ತರ: ಟಿಪ್ಪುವಿನ ಪತನದ ನಂತರ, 1800–01ರಲ್ಲಿ, ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಅದರಲ್ಲಿ ನಮಗೆ ಹೆಚ್ಚು ಉಪಯುಕ್ತವಾದವು ನೇಗಿಲು ಮೊದಲಾದ ಬೇಸಾಯದ ಸಲಕರಣೆಗಳ ಚಿತ್ರಗಳು. ಮುಖಗಳನ್ನು ಹುಡುಕುವವರು ನೀಲಗಿರಿಯ ಕಡೆ ನೋಡಬೇಕು. ಅಲ್ಲಿನ ಮೊದಲ ಕಮಿಷನರ್ ಬ್ರೀಕ್ಸ್ ಅವರ ಪುಸ್ತಕ 1873ರಲ್ಲಿ ಅವರ ಮರಣಾನಂತರ ಪ್ರಕಟವಾಯಿತು. ತೋಡ, ಕೋತ, ಕುರುಂಬ, ಇರುಳರ ಫೋಟೊಗಳು ಅದರಲ್ಲಿವೆ. ಬ್ರೀಕ್ಸ್ ಆಡಳಿತಗಾರರು, ನಿಸರ್ಗಶಾಸ್ತ್ರಜ್ಞರಲ್ಲ. ಆದರೂ ನೋಡುವ ಕ್ರಮ ಮೇಲೆ ಹೇಳಿದ್ದೇ.

ಪ್ರಶ್ನೆ: ಅಜ್ಜನ ಕಾಲದ ಕೆಲವು ಹಾಳೆಗಳಿವೆ. ನಮ್ಮದು ಆಗುಂಬೆ ಸೀಮೆ, ಮಳೆಗಾಲದಲ್ಲಿ ಬೂಷ್ಟು. ಲ್ಯಾಮಿನೇಟ್ ಮಾಡಿಸಲೇ? (ತೀರ್ಥಹಳ್ಳಿ)

ಉತ್ತರ: ಖಂಡಿತ ಬೇಡ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿದರೆ ಮತ್ತೆ ತೆಗೆಯಲು ಬರುವುದಿಲ್ಲ. ಮಳೆ ನಿಂತು ಬಿಸಿಲು ಬಿದ್ದ ದಿನ ಹಾಳೆಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಹರಡಿ. ನೇರ ಬಿಸಿಲಿಗೆ ಇಟ್ಟರೆ ಕೈಬಣ್ಣ ಮಾಸುತ್ತದೆ. ಬೂಷ್ಟು ಪೂರ್ತಿ ಒಣಗಿದ ಮೇಲೆ, ಮೂಗುಬಾಯಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೃದು ಕುಂಚದಿಂದ ಒಂದೇ ದಿಕ್ಕಿನಲ್ಲಿ ತೆಗೆಯಿರಿ. ಒದ್ದೆ ಬೂಷ್ಟನ್ನು ಒರೆಸಿದರೆ ಅದು ಒಳಕ್ಕೆ ಇಳಿಯುತ್ತದೆ. ಬಳಿಕ ಪ್ರತಿ ಹಾಳೆಯನ್ನು ಆಮ್ಲರಹಿತ ಕಾಗದದ ನಡುವೆ ಇಟ್ಟು, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಅಡ್ಡಲಾಗಿ ಮಲಗಿಸಿ. ಬಣ್ಣ ತಿರುಗುವ ಜೆಲ್ ಆದರೆ ತೇವ ಹೀರಿದ್ದು ಗೊತ್ತಾಗುತ್ತದೆ. ಕಾಯಿಸಿ ಮತ್ತೆ ಬಳಸಬಹುದು. ಅಗ್ಗದ ತೇವಮಾಪಕವೊಂದನ್ನು ಒಳಗಿಡಿ. ಮುಳ್ಳು ಶೇಕಡಾ 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು, 65 ದಾಟಿದರೆ ಬೂಷ್ಟು ಮರಳುತ್ತದೆ. ನುಸಿಗುಳಿಗೆ ಕಾಗದಕ್ಕೆ ತಾಗಬಾರದು. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಉಳಿದುಬಿಡುತ್ತದೆ. ಕಾಗದ ದುರಸ್ತಿ ಬಲ್ಲವರು ತೆಳು ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಹಿಂಬದಿಗೆ ಹಚ್ಚುತ್ತಾರೆ, ಬೇಕೆಂದಾಗ ನೀರು ತಾಗಿಸಿ ಬಿಡಿಸಬಹುದು. ಗೋಡೆಗೆ ಹಾಕಲೇಬೇಕೆಂದರೆ ಒಳ್ಳೆಯ ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಹಾಕಿ, ಮೂಲ ಪೆಟ್ಟಿಗೆಯಲ್ಲೇ ಇರಲಿ.